ಭೀಮ್‌ಬೇಟ್ಕಾಗೆ ಹೊರಟಿದ್ದೀರಾ? ಮೊದಲು ಕಣ್ಣು ಪಳಗಿಸಿಕೊಳ್ಳಿ

ಇತಿಹಾಸಪೂರ್ವ ಕಾಲದ ಬಂಡೆಚಿತ್ರಗಳಿರುವ ಭೀಮ್‌ಬೇಟ್ಕಾಗೆ ಮೊದಲ ಸಲ ಹೋದಾಗ ನಾನು ನಲವತ್ತೇ ನಿಮಿಷದಲ್ಲಿ ವಾಪಸ್ ಬಂದಿದ್ದೆ. ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ತಲೆ ಮೇಲೆ ಬೆಂಕಿ. ಟ್ಯಾಕ್ಸಿಯವನು ಮೊದಲೇ "ಏಕ್ ಘಂಟಾ ಬಹುತ್ ಹೈ ಸಾಬ್" ಅಂದಿದ್ದ. ಜೊತೆಗಿದ್ದ ಭಾವ ನಾಲ್ಕು ಬಂಡೆ ನೋಡಿ, "ಇದಕ್ಕೇನಾ ಮಾರಾಯ ಇಷ್ಟು ದೂರ ಕರ್ಕೊಂಡು ಬಂದಿದ್ದು, ಗೋಡೆ ಮೇಲೆ ಮಕ್ಕಳು ಗೀಚಿದ ಹಾಗಿದೆ" ಅಂದರು. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನಿಸಿತ್ತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಎರಡನೇ ಸಲ ಹೋದಾಗ ಐದು ಗಂಟೆ ಇದ್ದೆ. ಆಗಲೂ ಸಾಲಲಿಲ್ಲ. ಜಾಗ ಅದೇ, ಚಿತ್ರಗಳೂ ಅವೇ. ಬದಲಾಗಿದ್ದು ನಾನು ಹೋದ ಹೊತ್ತು ಮತ್ತು ನೋಡಿದ ರೀತಿ. ಹಾಗಾಗಿ ಈ ಬರಹದಲ್ಲಿ ಬಸ್ಸು, ರೈಲು, ನೀರಿನ ಬಾಟಲಿ ಎಲ್ಲ ಬರುತ್ತದೆ, ಆದರೆ ಜಾಸ್ತಿ ಬರುವುದು ಹೇಗೆ ನೋಡಬೇಕು ಅನ್ನೋದು.

ಹೊರಡುವ ಮೊದಲು ತಲೆಯಲ್ಲಿ ಇರಬೇಕಾದ್ದು

ಗವಿ ಅಂದ ಕೂಡಲೇ ನಮಗೆ ಕತ್ತಲು, ಬಾವಲಿ, ಬಗ್ಗಿ ನುಸುಳುವ ಕಿಂಡಿ ನೆನಪಾಗುತ್ತದೆ ಅಲ್ವಾ? ಭೀಮ್‌ಬೇಟ್ಕಾ ಹಾಗಿಲ್ಲ. ಇವು ಕಲ್ಲಾಸರೆಗಳು. ದೊಡ್ಡ ಮರಳುಗಲ್ಲಿನ ಬಂಡೆಯ ಮೆತ್ತಗಿನ ಪದರಗಳು ಗಾಳಿ ಮಳೆಗೆ ಸವೆದು ಒಳಗೆ ಸರಿದಿವೆ, ಗಟ್ಟಿ ಪದರ ಮೇಲೆ ಛಾವಣಿಯ ಹಾಗೆ ಮುಂದೆ ಚಾಚಿಕೊಂಡಿದೆ. ಬಾದಾಮಿ ಕಡೆ ಇಂಥದ್ದನ್ನು ಪಡಿ ಅಂತಾರೆ. ಮನೆ ಮುಂದಿನ ಜಗಲಿ ಇದ್ದ ಹಾಗೆ ಅಂದುಕೊಳ್ಳಿ: ಬೆಳಕು ಬರುತ್ತದೆ, ಮಳೆ ತಾಗುವುದಿಲ್ಲ. ಚಿತ್ರಗಳು ಇಷ್ಟು ಕಾಲ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಟಾರ್ಚ್ ಹಿಡಿದು ನುಗ್ಗುವ ಸಾಹಸಕ್ಕೆ ಅಂತ ಹೋದರೆ ನಿರಾಸೆ ಗ್ಯಾರಂಟಿ.

ಜಾಗ ಇರುವುದು ಮಧ್ಯಪ್ರದೇಶದ ರಾಯ್‌ಸೇನ್ ಜಿಲ್ಲೆಯಲ್ಲಿ, ಭೋಪಾಲದಿಂದ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ವಿಂಧ್ಯದ ಸಾಲಿನ ಏಳು ಗುಡ್ಡಗಳಲ್ಲಿ 700ಕ್ಕೂ ಹೆಚ್ಚು ಕಲ್ಲಾಸರೆಗಳಿವೆ, ಅವುಗಳಲ್ಲಿ ನೂರಾರು ಕಡೆ ಚಿತ್ರಗಳಿವೆ. ನಮಗೆ ನೋಡಲು ಬಿಡುವುದು 15 ಮಾತ್ರ. "ಬರೀ ಹದಿನೈದಾ?" ಅಂತ ಮೂಗು ಮುರಿಯಬೇಡಿ, ಆ ಹದಿನೈದನ್ನು ಸರಿಯಾಗಿ ನೋಡಿದರೆ ಕುತ್ತಿಗೆ ನೋಯುತ್ತದೆ.

ಹೆಸರಿನ ಕತೆ ಚಿಕ್ಕದು. ಭೀಮ ಕೂರುತ್ತಿದ್ದ ಜಾಗ, ಭೀಮನ ಬೈಠಕ್, ಅದೇ ಭೀಮ್‌ಬೇಟ್ಕಾ ಆಯಿತು ಅಂತ ಅಲ್ಲಿನ ಜನ ಹೇಳುತ್ತಾರೆ. ನಮ್ಮಲ್ಲೂ ಹಾಗೇ ತಾನೇ, ದೊಡ್ಡ ಕಲ್ಲು ಕಂಡರೆ ಭೀಮ ಇಲ್ಲವೇ ಪಾಂಡವರು, ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಾದರೆ ಕತೆಗಳಲ್ಲಿ ಬರುವ ಮೋರ್ಯರು ಅನ್ನೋ ಕುಳ್ಳ ಜನ.

ಇದನ್ನು ಲೋಕಕ್ಕೆ ತೋರಿಸಿದ್ದು ಉಜ್ಜಯಿನಿಯ ವಿಷ್ಣು ಶ್ರೀಧರ ವಾಕಣಕರ್. 1957ರಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ದೂರದಲ್ಲಿ ಈ ಬಂಡೆಗಳು ಕಂಡವು, ಯುರೋಪಿನ ಚಿತ್ರಗವಿಗಳಿರುವ ಬೆಟ್ಟಗಳ ಹಾಗಿವೆಯಲ್ಲ ಅನಿಸಿ ಹುಡುಕಿಕೊಂಡು ಹೋದರು ಅಂತ ಹೇಳುತ್ತಾರೆ. ಅವರು ಸ್ವತಃ ಚಿತ್ರ ಬರೆಯುವವರು, ಅದಕ್ಕೇ ಕಣ್ಣು ಅಲ್ಲಿಗೆ ಹೋಯಿತೇನೋ. 1975ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2003ರಲ್ಲಿ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೆಂಗಳೂರಿನಿಂದ ದೆಹಲಿಗೆ ಹೋಗುವ ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಇದೇ ಇಟಾರ್ಸಿ–ಭೋಪಾಲ್ ಹಳಿಯ ಮೇಲೆ ಹಾಯುತ್ತದೆ. ಆದರೆ ಆ ಹೊತ್ತಿಗೆ ರಾತ್ರಿ. ಕಿಟಕಿಗೆ ಮೂಗು ಒತ್ತಿ ಕೂತರೂ ನಿಮ್ಮ ಮುಖವೇ ಕಾಣುತ್ತದೆ.

ಮನೆಯ ಹತ್ತಿರವೇ ಒಂದು ತಾಲೀಮು

ಇದನ್ನು ಯಾವ ಟೂರ್ ಪ್ಯಾಕೇಜೂ ಹೇಳಿಕೊಡುವುದಿಲ್ಲ. ಭೀಮ್‌ಬೇಟ್ಕಾ ನಿಮ್ಮ ಮೊದಲ ಬಂಡೆಚಿತ್ರದ ಜಾಗ ಆಗಬಾರದು. ಕಣ್ಣಿಗೆ ಒಂದು ಅಭ್ಯಾಸ ಬೇಕು. ಕಲ್ಲಿನ ಸಹಜ ಕೆಂಪು ಕಲೆ ಯಾವುದು, ಮನುಷ್ಯ ಹಚ್ಚಿದ ಕೆಂಪು ಯಾವುದು ಅಂತ ತಿಳಿಯೋಕೆ ಮೊದಮೊದಲು ಕಷ್ಟ.

ಕರ್ನಾಟಕದಲ್ಲಿ ಇದ್ದರೆ ಅದೃಷ್ಟ. ಆನೆಗೊಂದಿ ಹತ್ತಿರ ಒನಕೆ ಕಿಂಡಿಯಲ್ಲಿ ಬಂಡೆಚಿತ್ರಗಳಿವೆ. ಹಿರೇಬೆಣಕಲ್‌ನಲ್ಲಿ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳ ಜೊತೆಗೆ ಚಿತ್ರವಿರುವ ಆಸರೆಗಳೂ ಇವೆ. ಬಾದಾಮಿಗೆ ಹೋದವರು ನಾಲ್ಕು ಗುಹಾಲಯ ನೋಡಿ ಬಂದುಬಿಡುತ್ತಾರೆ, ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಿಡಿಲಪಡಿ ಇದೆ, ಅಲ್ಲೂ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಇಲ್ಲಿಗೆಲ್ಲ ಒಬ್ಬರೇ ಹೋಗಬೇಡಿ, ಊರಿನವರನ್ನು ಕರೆದುಕೊಂಡೇ ಹೋಗಿ. ಆನೆಗೊಂದಿ ಸುತ್ತ ಕರಡಿ ಚಿರತೆ ಎರಡೂ ಓಡಾಡುತ್ತವೆ, ಕತ್ತಲಾಗುವ ಮುಂಚೆ ಇಳಿದುಬಿಡಬೇಕು.

ಇಲ್ಲಿ ಮಾಡಬೇಕಾದ ತಾಲೀಮು ಇಷ್ಟೇ. ಒಂದು ಬಂಡೆ ಮುಂದೆ ಹತ್ತು ನಿಮಿಷ ಸುಮ್ನೆ ಕೂರಿ. ಮೊದಲ ಎರಡು ನಿಮಿಷ ಏನೂ ಕಾಣಿಸುವುದಿಲ್ಲ. ಆಮೇಲೆ ಒಂದು ಗೂಳಿಯ ಡುಬ್ಬ ಕಾಣುತ್ತದೆ, ಅದರ ಹಿಂದೆ ಕೊಂಬು, ಆಮೇಲೆ ಪಕ್ಕದಲ್ಲಿ ಒಬ್ಬ ಮನುಷ್ಯ. ಒಂದು ಸಲ ಕಂಡ ಮೇಲೆ, ಅಯ್ಯೋ ಇದು ಮೊದಲು ಹೇಗೆ ಕಾಣಲಿಲ್ಲ ಅನಿಸುತ್ತದೆ. ಈ ಅನುಭವ ಒಮ್ಮೆ ಆಗಿದ್ದರೆ ಸಾಕು, ಭೋಪಾಲದ ಟಿಕೆಟ್ ತೆಗೆಯಬಹುದು.

ಕರ್ನಾಟಕಕ್ಕೆ ದೂರ ಇರುವವರು ಭೋಪಾಲದಲ್ಲೇ ಒಂದು ದಿನ ಮೊದಲು ಇಳಿದು ಇದನ್ನು ಮಾಡಬಹುದು. ಊರೊಳಗೆ ಶ್ಯಾಮಲಾ ಗುಡ್ಡದ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಇದೆ. ಅದರ ಬಯಲಿನಲ್ಲೇ ಅಸಲಿ ಚಿತ್ರವಿರುವ ಕಲ್ಲಾಸರೆಗಳಿವೆ. ಜನ ಕಡಿಮೆ, ಆರಾಮಾಗಿ ನೋಡಬಹುದು. ಸೋಮವಾರ ರಜೆ, ಅದೊಂದು ನೆನಪಿರಲಿ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಾರ್ಚ್ ಮೊದಲ ವಾರದವರೆಗೂ ನಡೆಯುತ್ತೆ. ಏಪ್ರಿಲ್ ಮೇನಲ್ಲಿ ಆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾಡಿನ ತೇಗದ ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ, ನೆರಳೂ ಇಲ್ಲ. ಮಳೆಗಾಲದಲ್ಲಿ ಕಾಡು ಹಸಿರಾಗಿ ಚೆನ್ನಾಗಿರುತ್ತದೆ, ಆದರೆ ಕಲ್ಲು ಜಾರುತ್ತದೆ, ಮೋಡ ಕವಿದರೆ ಆಸರೆಯ ಒಳಗೆ ಮಬ್ಬು.

ವಾರದ ದಿನ ಹೋಗಿ. ಭಾನುವಾರ ಭೋಪಾಲದ ಅರ್ಧ ಊರು ಅಲ್ಲಿರುತ್ತದೆ.

ಬೆಂಗಳೂರಿನಿಂದ ಭೋಪಾಲಕ್ಕೆ ವಿಮಾನ ಇದೆ, ರೈಲಂತೂ ಇದ್ದೇ ಇದೆ. ಭೋಪಾಲದಲ್ಲಿ ಎರಡು ದೊಡ್ಡ ಸ್ಟೇಷನ್: ಭೋಪಾಲ್ ಜಂಕ್ಷನ್ ಮತ್ತು ರಾಣಿ ಕಮಲಾಪತಿ. ಎರಡನೆಯದಕ್ಕೆ 2021ರವರೆಗೆ ಹಬೀಬ್‌ಗಂಜ್ ಅಂತ ಹೆಸರಿತ್ತು, ಹಳೇ ಆಟೋದವರು ಈಗಲೂ ಹಾಗೇ ಕರೆಯುತ್ತಾರೆ. ಭೀಮ್‌ಬೇಟ್ಕಾಗೆ ಹೋಗೋಕೆ ರಾಣಿ ಕಮಲಾಪತಿ ಕಡೆ ರೂಮ್ ಮಾಡಿದರೆ ಊರಿನ ಟ್ರಾಫಿಕ್ ತಪ್ಪುತ್ತದೆ.

ಅಲ್ಲಿಂದ ಟ್ಯಾಕ್ಸಿ ಮಾಡೋದು ಸುಲಭ. ಮಾತಾಡುವಾಗಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: "ಅಲ್ಲಿ ಕನಿಷ್ಠ ನಾಲ್ಕು ಗಂಟೆ ಕಾಯಬೇಕು." ಇಲ್ಲದಿದ್ದರೆ ಒಂದು ಗಂಟೆ ಆಗುತ್ತಿದ್ದ ಹಾಗೆ ಫೋನ್ ಶುರುವಾಗುತ್ತದೆ. ದುಡ್ಡು ಉಳಿಸಬೇಕು ಅನ್ನುವವರು ಓಬೇದುಲ್ಲಾಗಂಜ್ ಮೇಲೆ ನರ್ಮದಾಪುರಂ ಕಡೆ ಹೋಗುವ ಬಸ್ ಹತ್ತಿ, ಭೀಮ್‌ಬೇಟ್ಕಾ ತಿರುವಿನಲ್ಲಿ ಇಳಿಸಿ ಅಂತ ಕಂಡಕ್ಟರಿಗೆ ಮೊದಲೇ ಹೇಳಿ. ತಿರುವಿನಿಂದ ಮೇಲಕ್ಕೆ ಸುಮಾರು ಮೂರು ಕಿ.ಮೀ. ನಡಿಗೆ, ರೈಲು ಹಳಿ ದಾಟಿ ಹೋಗಬೇಕು. ಬೆಳಿಗ್ಗೆ ನಡೆಯಲು ಚೆನ್ನಾಗಿದೆ. ವಾಪಸ್ ಬರುವಾಗ ಹೆದ್ದಾರಿಗೆ ಕತ್ತಲಾಗುವ ಮುಂಚೆ ಬಂದುಬಿಡಿ, ಆಮೇಲೆ ಬಸ್ ನಿಲ್ಲಿಸುತ್ತಾರೋ ಇಲ್ಲವೋ ಹೇಳೋಕಾಗಲ್ಲ.

ತಿರುವಿನ ಹತ್ತಿರವೇ ಮಧ್ಯಪ್ರದೇಶ ಪ್ರವಾಸೋದ್ಯಮದ ಹೋಟೆಲ್ ಇದೆ. ತಿಂಡಿ, ಶೌಚಾಲಯ ಎರಡೂ ಅಲ್ಲೇ ಮುಗಿಸಿಕೊಳ್ಳಿ. ಮೇಲೆ ಹೋದ ಮೇಲೆ ತಿನ್ನೋಕೆ ಅಂತ ಏನೂ ನಂಬಿಕೊಳ್ಳಬೇಡಿ. ತಿಂಡಿಯನ್ನು ಕೈಯಲ್ಲಿ ಹಿಡಿದುಕೊಂಡೂ ಹೋಗಬೇಡಿ, ಅಲ್ಲಿನ ಮುಸಿಯಗಳು ನಿಮಗಿಂತ ಚುರುಕು.

ಚೀಲದಲ್ಲಿ ಏನಿರಬೇಕು

ನೀರು, ಟೋಪಿ, ಹಿಡಿತ ಇರುವ ಶೂ. ಇಷ್ಟು ಎಲ್ಲರಿಗೂ ಗೊತ್ತು. ಯಾರೂ ಹೇಳದೇ ಇರುವುದು ಬೈನಾಕ್ಯುಲರ್. ಎಷ್ಟೋ ಚಿತ್ರಗಳು ಛಾವಣಿಯ ಅಡಿಯಲ್ಲಿ, ಕೈಗೆಟುಕದ ಎತ್ತರದಲ್ಲಿವೆ. ಬರೆದವನು ಅಷ್ಟು ಮೇಲೆ ಹೇಗೆ ಬರೆದ ಅನ್ನೋದು ಬೇರೆಯೇ ಪ್ರಶ್ನೆ. ಹಕ್ಕಿ ನೋಡುವವರ ಬಳಿ ಇರುವ ಸಾಮಾನ್ಯ ಬೈನಾಕ್ಯುಲರ್ ಸಾಕು, ಸ್ನೇಹಿತರ ಹತ್ತಿರ ಕೇಳಿ ತೊಗೊಳ್ಳಿ. ಅದರಲ್ಲಿ ನೋಡಿದಾಗಲೇ ನನಗೆ ಜಿಂಕೆಯ ಹೊಟ್ಟೆಯೊಳಗಿನ ಗೆರೆಗಳು ಕಂಡಿದ್ದು.

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಸೆಂಟು ಹಾಕಿಕೊಂಡು ಹೋಗಬೇಡಿ. ತಮಾಷೆಯಲ್ಲ. ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತವೆ. ಜೋರು ವಾಸನೆ, ಹೊಗೆ, ಕೂಗಾಟ ಅವಕ್ಕೆ ಆಗಿಬರಲ್ಲ. ಗೂಡು ಕಂಡರೆ ಸದ್ದಿಲ್ಲದೆ ದಾಟಿ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅನುಮತಿ ಇಲ್ಲದೆ ಆಗುವುದಿಲ್ಲ. ಟ್ರೈಪಾಡಿಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಒಳಗೆ ಕಾಲಿಟ್ಟ ಮೇಲೆ

ಕಲ್ಲು ಹಾಸಿದ ದಾರಿ, ಸುತ್ತಿ ಬಂದರೆ ಹೆಚ್ಚುಕಡಿಮೆ ಒಂದೂವರೆ ಕಿ.ಮೀ. ಅಲ್ಲಲ್ಲಿ ಮೆಟ್ಟಿಲು ಇದೆ, ಆದರೆ ನಿಧಾನಕ್ಕೆ ನಡೆದರೆ ವಯಸ್ಸಾದವರಿಗೂ ಕಷ್ಟವಿಲ್ಲ. ಪ್ರತಿ ಆಸರೆಗೂ ನಂಬರ್ ಹಾಕಿದ್ದಾರೆ. ಸುತ್ತಲಿನದೆಲ್ಲ ರಾತಾಪಾನಿ ಕಾಡು, 2024ರ ಡಿಸೆಂಬರ್‌ನಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಆದ್ದರಿಂದ ಹಾದಿ ಬಿಟ್ಟು, ಆ ಕಡೆ ಇನ್ನೊಂದು ಗವಿ ಇದ್ದ ಹಾಗಿದೆ ಅಂತ ನುಗ್ಗಬೇಡಿ.

ಬಿಸಿಲಿನಿಂದ ಆಸರೆಯ ನೆರಳಿಗೆ ಬಂದ ತಕ್ಷಣ ಏನೂ ಕಾಣಿಸಲ್ಲ. ತಂಪು ಕನ್ನಡಕ ತೆಗೆಯಿರಿ. ಎರಡು ನಿಮಿಷ ನಿಲ್ಲಿ. ಬೆನ್ನು ಹೊರಗಿನ ಬೆಳಕಿಗೆ, ಮುಖ ಗೋಡೆಗೆ. ಮಧ್ಯಾಹ್ನದ ಬಿಳಿ ಬಿಸಿಲಿನಲ್ಲಿ ಈ ಎರಡು ನಿಮಿಷ ಹತ್ತಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ ಅಂತ ಹೇಳುವುದು ಅದಕ್ಕೇ. ಮೊದಲ ಸಲ ನಾನು ಎಡವಿದ್ದೂ ಇಲ್ಲೇ.

ಮೊದಲಿಗೆ ಸಿಗುವ ದೊಡ್ಡ ಜಾಗ ಮೂರನೇ ನಂಬರಿನದು, ಆಡಿಟೋರಿಯಂ ಗವಿ ಅಂತ ಕರೆಯುತ್ತಾರೆ. ಇಲ್ಲಿ ಚಿತ್ರಗಳಿಗಿಂತ ಜಾಗವನ್ನೇ ನೋಡಿ. ಎತ್ತರದ ಸುರಂಗದ ಹಾಗಿದೆ, ಬೇರೆ ಬೇರೆ ಕಡೆಯಿಂದ ಬಾಯಿ ತೆರೆದಿದೆ, ಒಳಗೆ ಗಾಳಿ ತಣ್ಣಗೆ. ಬಾಗಿಲ ಬಳಿ ಒಂದು ದೊಡ್ಡ ಬಂಡೆ ಇದೆ. ಅದರ ಮೇಲೆ ಬಟ್ಟಲಿನ ಹಾಗೆ ಕುಟ್ಟಿ ಮಾಡಿದ ಸಣ್ಣ ಗುಳಿಗಳಿವೆ. ನೋಡಿದವರಿಗೆ ಮೊದಲು ನೆನಪಾಗುವುದು ನಮ್ಮ ಅಳಗುಳಿ ಮಣೆ. ಇಲ್ಲಿನ ಗುಳಿಗಳು ಲಕ್ಷ ವರ್ಷಕ್ಕೂ ಹಳೆಯವು, ಮನುಷ್ಯ ಕಲ್ಲಿನ ಮೇಲೆ ಬಿಟ್ಟ ತೀರಾ ಹಳೆಯ ಗುರುತುಗಳಲ್ಲಿ ಇವೂ ಸೇರಿವೆ ಅಂತ ವಾದಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಚಿತ್ರಗಳು ಕಣ್ಣು ಸೆಳೆಯುವುದರಿಂದ ಜನ ಈ ಗುಳಿಗಳನ್ನು ನೋಡದೇ ದಾಟಿಬಿಡುತ್ತಾರೆ. ಕೆಲವರು ಅದರ ಮೇಲೇ ಕೂತು ನೀರು ಕುಡಿಯುತ್ತಾರೆ.

ಈ ಗವಿಯಲ್ಲಿ ವಾಕಣಕರ್ ಅಗೆದು ನೋಡಿದ್ದರು. ಪಕ್ಕದ ಇನ್ನೊಂದು ಆಸರೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿ. ಎನ್. ಮಿಶ್ರಾ 1973ರಿಂದ 1976ರವರೆಗೆ ಅಗೆದರು. ಪದರದ ಕೆಳಗೆ ಪದರ ಸಿಕ್ಕಿತು, ಅಡಿಯಲ್ಲಿ ಹಳೇ ಶಿಲಾಯುಗದ ಕೈಗೊಡಲಿಗಳು, ಮೇಲಕ್ಕೆ ಬಂದಂತೆಲ್ಲ ಸಣ್ಣ ಸಣ್ಣ ಕಲ್ಲಿನ ಉಪಕರಣಗಳು. ಅಂದರೆ ಇಲ್ಲಿ ಮನುಷ್ಯ ಬಂದು ನೆಲೆಸಿದ ಎಷ್ಟೋ ಸಾವಿರ ತಲೆಮಾರಿನ ನಂತರ, ಯಾವನಿಗೋ ಗೋಡೆಗೆ ಬಣ್ಣ ಹಚ್ಚೋಣ ಅನಿಸಿತು. ಇಂಥ ಕೈಗೊಡಲಿ ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲೂ ಸಿಕ್ಕಿವೆ, ಅಲ್ಲಿ ಇಸಾಂಪುರದಲ್ಲಿ ಉಪಕರಣ ತಯಾರಿಸುತ್ತಿದ್ದ ಜಾಗವೇ ಇದೆ. ಅಲ್ಲಿ ಕೆಲಸ ಮಾಡಿದವರೂ ಡೆಕ್ಕನ್ ಕಾಲೇಜಿನವರೇ.

ಆಡಿಟೋರಿಯಂ ಛಾವಣಿ ಬಗ್ಗೆ ಒಂದು ಮಜಾ ಇದೆ. 2021ರಲ್ಲಿ ವಿಜ್ಞಾನಿಗಳ ಒಂದು ತಂಡ, ಇಲ್ಲಿನ ಛಾವಣಿಯಲ್ಲಿ ಡಿಕಿನ್‌ಸೋನಿಯಾ ಅನ್ನೋ ಪ್ರಾಣಿಯ ಪಳೆಯುಳಿಕೆ ಸಿಕ್ಕಿದೆ, ಸುಮಾರು 55 ಕೋಟಿ ವರ್ಷ ಹಳೆಯದು ಅಂತ ಪ್ರಕಟಿಸಿತು. ಪತ್ರಿಕೆಗಳಲ್ಲೆಲ್ಲ ಬಂತು. 2023ರಲ್ಲಿ ಇನ್ನೊಂದು ತಂಡ ಹೋಗಿ ನೋಡಿದರೆ, ಅದು ಕಳಚಿ ಬಿದ್ದ ಜೇನುಗೂಡಿನ ಗುರುತು! ಮೊದಲು ಹೇಳಿದ ವಿಜ್ಞಾನಿಯೂ ಒಪ್ಪಿಕೊಂಡರು. ಈಗಲೂ ಹಳೆಯ ಸುದ್ದಿ ಓದಿದ ಗೈಡುಗಳು ಆ ಪಳೆಯುಳಿಕೆ ತೋರಿಸಬಹುದು. ನಕ್ಕು ಮುಂದೆ ಹೋಗಿ. ಸೆಂಟು ಬೇಡ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನಾಲ್ಕನೇ ಆಸರೆ: ಇಲ್ಲಿ ಕೂತುಬಿಡಿ

ಪೂರ್ತಿ ಸುತ್ತಲು ಸಮಯವಿಲ್ಲದಿದ್ದರೆ ಬೇರೆಲ್ಲ ಬಿಟ್ಟು ಇಲ್ಲೊಂದೇ ಕೂರಿ ಅಂತ ಹೇಳುತ್ತೇನೆ. ಇದಕ್ಕೆ ಝೂ ರಾಕ್ ಅಂತ ಹೆಸರು, ಪ್ರಾಣಿ ಬಂಡೆ ಅನ್ನೋಣ. 16 ಜಾತಿಯ 252 ಪ್ರಾಣಿಗಳನ್ನು ಇಲ್ಲಿ ಎಣಿಸಿದ್ದಾರೆ. ಆನೆ, ಕಾಡೆಮ್ಮೆ, ಜಿಂಕೆ, ಕಡವೆ. ಒಂದರ ಮೇಲೊಂದು. ಮೊದಲ ನೋಟಕ್ಕೆ ಎಲ್ಲ ಕಲಸಿದ ಹಾಗಿರುತ್ತದೆ, ನಮ್ಮ ಭಾವ "ಮಕ್ಕಳು ಗೀಚಿದ ಹಾಗಿದೆ" ಅಂದಿದ್ದು ಇಲ್ಲೇ.

ಕಲಸಿದ್ದನ್ನು ಬಿಡಿಸೋದು ಹೇಗೆ? ಒಂದೇ ಬಣ್ಣವನ್ನು ಹಿಡಿದು ನೋಡಿ. ಮೊದಲು ಬಿಳಿ ಮಾತ್ರ ಹುಡುಕಿ, ಕೆಂಪನ್ನು ಮರೆತುಬಿಡಿ. ಐದು ನಿಮಿಷ ಆದ ಮೇಲೆ ಕೆಂಪು ಮಾತ್ರ. ಆಮೇಲೆ ಎರಡೂ ಎಲ್ಲಿ ಕೂಡುತ್ತವೆ ನೋಡಿ, ಯಾವುದರ ಮೇಲೆ ಯಾವುದು ಹಾದಿದೆ ಅಂತ. ಮೇಲಿರುವುದು ಆಮೇಲೆ ಬರೆದದ್ದು. ಇಷ್ಟು ಸರಳ. ಒಂದು ಗೋಡೆಯನ್ನು ಸಾವಿರಾರು ವರ್ಷ ಜನ ಮತ್ತೆ ಮತ್ತೆ ಬಳಸಿದ್ದಾರೆ, ಪಕ್ಕದಲ್ಲೇ ಖಾಲಿ ಬಂಡೆ ಇದ್ದರೂ ಇದರ ಮೇಲೇ ಬರೆದಿದ್ದಾರೆ. ಯಾಕೆ? ಯಾರಿಗೆ ಗೊತ್ತು. ನನಗಂತೂ ಇಲ್ಲಿ ಕೂತಾಗ ಅದೇ ಪ್ರಶ್ನೆ ತಲೆಯಲ್ಲಿ ಓಡುತ್ತಿತ್ತು.

ಬಣ್ಣ ಬಂದಿದ್ದು ಮಣ್ಣು ಕಲ್ಲುಗಳಿಂದಲೇ. ಕೆಂಪು ಅಂದರೆ ಕಬ್ಬಿಣದ ಅಂಶದ ಕಲ್ಲು, ನಮ್ಮಲ್ಲಿ ಗೋಡೆಗೆ ಅಂಚು ಬಳಿಯುತ್ತಿದ್ದ ಜಾಜು, ಕೆಮ್ಮಣ್ಣಿನ ಜಾತಿಯದ್ದೇ. ಬಿಳಿ ಜೇಡಿಯಂಥದ್ದರಿಂದ. ಹಸಿರು, ಹಳದಿ ಅಪರೂಪಕ್ಕೆ. ಅರೆದು ನೀರಲ್ಲಿ ಕಲಸಿ, ನಾರಿನ ಕುಂಚದಲ್ಲೋ ಬೆರಳಲ್ಲೋ ಹಚ್ಚಿರಬೇಕು. ಕೈಕೈ ಹಿಡಿದು ಸಾಲಾಗಿ ಕುಣಿಯುವವರ ಚಿತ್ರ ಕಂಡಾಗ ಸಾಗರದ ಕಡೆಯ ದೀವರ ಹಸೆ ಚಿತ್ತಾರ ಥಟ್ಟನೆ ನೆನಪಾಗುತ್ತದೆ, ಅದರಲ್ಲೂ ಪುಂಡಿ ನಾರಿನ ಕುಂಚ, ಮಣ್ಣಿನ ಕೆಂಪು, ಅಕ್ಕಿಯ ಬಿಳಿ. ಹಾಗಂತ ಎರಡಕ್ಕೂ ನಂಟು ಹಾಕಿ ವಾಟ್ಸಾಪಿನಲ್ಲಿ ಹರಿಬಿಡಬೇಡಿ ದಯವಿಟ್ಟು. ಕೈಗೆ ಸಿಕ್ಕ ಮಣ್ಣಲ್ಲಿ ಮನುಷ್ಯನನ್ನು ಬರೆಯಲು ಹೊರಟರೆ ಯಾರು ಬರೆದರೂ ಸ್ವಲ್ಪ ಹಾಗೇ ಬರುತ್ತದೆ.

ಹಳೆಯದು ಯಾವುದು, ಹೊಸದು ಯಾವುದು

ಗೈಡ್ ಇಲ್ಲದೆಯೂ ಅಂದಾಜು ಮಾಡಲು ಕೆಲವು ಗುರುತುಗಳಿವೆ. ಕುದುರೆ ಮೇಲೆ ಕೂತವನು, ಕೈಯಲ್ಲಿ ಕತ್ತಿ ಗುರಾಣಿ, ಸಾಲಾಗಿ ಸೈನಿಕರು ಕಂಡರೆ ಅದು ಐತಿಹಾಸಿಕ ಕಾಲದ್ದು, ಅಂದರೆ ರಾಜರು ದಂಡು ಎಲ್ಲ ಬಂದ ಮೇಲಿನದು. ಅಲ್ಲಿ ಜನ ಮೊದಲು ಮುಗಿಬೀಳುವುದು ಇವುಗಳ ಮುಂದೆಯೇ, ಯಾಕೆಂದರೆ ಸಲೀಸಾಗಿ ಕಾಣುತ್ತವೆ. ಡುಬ್ಬದ ಎತ್ತು, ದನಗಾಹಿ, ಮಡಕೆಯ ಮೇಲಿನಂಥ ಚೌಕುಳಿ ವಿನ್ಯಾಸ ಕಂಡರೆ ಬೇಸಾಯ ಗೊತ್ತಿದ್ದವರ ಸಹವಾಸ ಬಂದ ಕಾಲ.

ಇವ್ಯಾವುದೂ ಇಲ್ಲದೆ ಬರೀ ಕಾಡುಪ್ರಾಣಿ, ಬಿಲ್ಲು ಈಟಿ ಹಿಡಿದ ಕಡ್ಡಿಯಂಥ ಮನುಷ್ಯರು, ಮುಖವಾಡ ತೊಟ್ಟವರು ಇದ್ದರೆ ಬೇಟೆಗಾರರ ಕಾಲಕ್ಕೆ ಬಂದಿರಿ ಅಂತ ಅರ್ಥ. ಅಲ್ಲಿನ ಬಹುಪಾಲು ಹಳೆಯ ಚಿತ್ರಗಳು ಮಧ್ಯಶಿಲಾಯುಗದವು, ಅಂದಾಜು ಹತ್ತು ಸಾವಿರ ವರ್ಷದ ಆಸುಪಾಸಿನಿಂದ ಈಚೆಯವು ಅನ್ನೋದು ಹೆಚ್ಚಿನವರ ಮಾತು. 30 ಸಾವಿರ ಅಂತ ಬೋರ್ಡು, ಬ್ರೋಷರುಗಳಲ್ಲಿ ಕಂಡರೆ ತಿಳಿದಿರಲಿ, ಅದಕ್ಕೆ ಎಲ್ಲರ ಒಪ್ಪಿಗೆ ಇಲ್ಲ. ಬಣ್ಣದಲ್ಲಿ ಇದ್ದಲಿನಂಥ ವಸ್ತು ಇಲ್ಲದಿದ್ದರೆ ಕಾರ್ಬನ್ ಪರೀಕ್ಷೆ ನೇರವಾಗಿ ಮಾಡೋಕೆ ಬರುವುದಿಲ್ಲ, ಕಬ್ಬಿಣದ ಕೆಂಪು ತನ್ನ ವಯಸ್ಸು ಹೇಳುವುದಿಲ್ಲ.

ಈ ಬೇಟೆಗಾರರ ಚಿತ್ರಗಳಲ್ಲೇ ಬೈನಾಕ್ಯುಲರಿನ ಕೆಲಸ. ಪ್ರಾಣಿಯ ಮೈಯನ್ನು ಬಣ್ಣ ತುಂಬಿ ಮುಚ್ಚಿಲ್ಲ. ಒಳಗೆ ಗೆರೆ, ಅಂಕುಡೊಂಕು, ಜೇನುಗೂಡಿನ ಕಣ್ಣಿನಂಥ ಮಾದರಿ ತುಂಬಿದ್ದಾರೆ. ಕೆಲವು ಗಬ್ಬದ ಪ್ರಾಣಿಗಳ ಹೊಟ್ಟೆಯೊಳಗೆ ಮರಿಯನ್ನೂ ಬರೆದಿದ್ದಾರೆ. ಹೊರಗಿನಿಂದ ಕಾಣದ್ದು ಅದು, ಆದರೆ ಬೇಟೆಯಾಡಿ ಕೊಯ್ದವನಿಗೆ ಗೊತ್ತಿರುತ್ತದೆ.

ಮುಂದಿನ ಆಸರೆಗಳನ್ನು ನಿಮ್ಮ ಪಾಡಿಗೆ ನೋಡಿಕೊಂಡು ಹೋಗಿ, ಒಂದೊಂದನ್ನೂ ವಿವರಿಸಿದರೆ ನಿಮಗೆ ಹುಡುಕುವ ಖುಷಿ ಉಳಿಯಲ್ಲ. ಡೋಲು ಬಡಿಯುವವನು ಎಲ್ಲಿದ್ದಾನೆ ನೋಡಿ. ಮಕ್ಕಳು ಜೊತೆಗಿದ್ದರೆ ಇದೇ ಆಟ ಮಾಡಿ: ಮೊದಲು ನವಿಲು ಕಂಡವರಿಗೆ, ಮೊದಲು ಬಿಲ್ಲು ಕಂಡವರಿಗೆ ಇಷ್ಟು ಅಂಕ ಅಂತ. ಮಕ್ಕಳ ಕಣ್ಣು ನಮಗಿಂತ ಬೇಗ ಪಳಗುತ್ತದೆ. ನನ್ನ ಅಕ್ಕನ ಮಗಳಿಗೆ ಎಂಟು ವರ್ಷ, ನನಗಿಂತ ಮೂರು ಆನೆ ಜಾಸ್ತಿ ಕಂಡಳು.

ಅಲ್ಲಿನ ಕಾವಲುಗಾರರನ್ನು ಮಾತಾಡಿಸೋದು ಮರೆಯಬೇಡಿ. ಹರಕು ಹಿಂದಿ ಸಾಕು. "ಭೈಯಾ, ಇಧರ್ ಕ್ಯಾ ಹೈ?" ಅಂತ ಒಂದು ಮಾತು ಕೇಳಿದರೆ, ನಾವು ನಾಲ್ಕು ಸಲ ದಾಟಿ ಬಂದ ಬಂಡೆಯ ಮೂಲೆಯಲ್ಲಿ ಬೆರಳಷ್ಟು ಉದ್ದದ ಜಿಂಕೆಯನ್ನು ತೋರಿಸುತ್ತಾರೆ. ಬೆಳಗಿನ ಯಾವ ಹೊತ್ತಿಗೆ ಯಾವ ಗೋಡೆ ಚೆನ್ನಾಗಿ ಕಾಣುತ್ತೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಇಲ್ಲ.

ಹದಿನೈದನೆಯದು ಕೊನೆಯದು. ಅಣಬೆಯ ಹಾಗಿರುವ ಬಂಡೆ. ಅದರ ಮೇಲೆ ಒಂದು ದೈತ್ಯ ಹಂದಿ, ತಲೆಯ ಮೇಲೆ ಕೊಂಬು ಬೇರೆ. ಅದರ ಮುಂದೆ ಓಡುತ್ತಿರುವ ಒಬ್ಬ ಸಣ್ಣ ಮನುಷ್ಯ, ಪಕ್ಕದಲ್ಲಿ ಒಂದು ಏಡಿ. ಇಂಥ ಪ್ರಾಣಿ ಭೂಮಿಯ ಮೇಲೆ ಇಲ್ಲ. ಇಡೀ ದಾರಿಯಲ್ಲಿ ಜಿಂಕೆ, ಕಾಡೆಮ್ಮೆ ಎಲ್ಲ ಕಂಡ ಹಾಗೇ ಬರೆದವರು ಇಲ್ಲಿಗೆ ಬಂದು ಇಲ್ಲದ್ದನ್ನು ಬರೆದಿದ್ದಾರೆ. ಕತೆಯೋ, ದೇವರೋ, ಕನಸೋ. ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ಸುಸ್ತಾಗಿ ಒಂದು ಸೆಲ್ಫಿ ತೆಗೆದು ಹೋಗುತ್ತಾರೆ, ಅದಕ್ಕೇ ಕೊನೆಯ ಗುಟುಕು ನೀರು ಇಲ್ಲಿಗೆ ಅಂತ ಉಳಿಸಿಕೊಳ್ಳಿ.

ಫೋಟೋ ತೆಗೆಯುವವರಿಗೆ

ಫ್ಲಾಶ್ ಬೇಡ. ಬಂಡೆ ಹೊಳೆದು ಚಿತ್ರ ಮಾಯವಾಗುತ್ತದೆ. ಗೋಡೆಗೆ ನೇರವಾಗಿ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಇಡೀ ಬಂಡೆ, ಆಮೇಲೆ ಹತ್ತಿರದ್ದು. ಮನೆಗೆ ಬಂದು ಫೋಟೋದ ಕಾಂಟ್ರಾಸ್ಟ್, ಬಣ್ಣ ಸ್ವಲ್ಪ ಏರಿಸಿ ನೋಡಿ, ಅಲ್ಲಿ ಕಣ್ಣಿಗೆ ಕಾಣದ್ದು ಎಷ್ಟೋ ಮೇಲೆ ಬರುತ್ತದೆ. ಇನ್ನೂ ಆಸಕ್ತಿ ಇದ್ದರೆ ಡಿ-ಸ್ಟ್ರೆಚ್ ಅಂತ ಒಂದು ಸಾಫ್ಟ್‌ವೇರ್ ಇದೆ, ಬಂಡೆಚಿತ್ರ ಓದುವವರು ಲೋಕದ ಎಲ್ಲ ಕಡೆ ಅದನ್ನು ಬಳಸುತ್ತಾರೆ, ಮಾಸಿದ ಕೆಂಪನ್ನು ಎಬ್ಬಿಸಿ ತೋರಿಸುತ್ತದೆ. ಖಾಲಿ ಬಂಡೆ ಅಂದುಕೊಂಡಿದ್ದ ಒಂದು ಫೋಟೋದಲ್ಲಿ ನನಗೆ ಹೀಗೇ ಅರ್ಧ ಆನೆ ಸಿಕ್ಕಿತು.

ಮಾಡಲೇಬಾರದ್ದು

ಚಿತ್ರದ ಮೇಲೆ ನೀರು ಎರಚಬೇಡಿ. ನೀರು ಬಿದ್ದರೆ ಬಣ್ಣ ಒಂದು ಗಳಿಗೆ ಎದ್ದು ಕಾಣುತ್ತದೆ, ನಿಜ. ಆದರೆ ಆ ನೀರು ಆರುವಾಗ ಕಲ್ಲಿನೊಳಗಿನ ಉಪ್ಪನ್ನು ಹೊರಗೆಳೆದು ಚಿತ್ರದ ಮೇಲೆ ಬಿಳಿ ಪೊರೆ ಕಟ್ಟಬಹುದು. ಯಾರಾದರೂ "ತಾಳಿ, ನೀರು ಹಾಕಿ ತೋರಿಸ್ತೀನಿ" ಅಂದರೆ ಬೇಡ ಅನ್ನಿ, ಖಡಕ್ಕಾಗಿ ಅನ್ನಿ. ಇದು ಭೀಮ್‌ಬೇಟ್ಕಾಗಿಂತ ನಮ್ಮ ಕಡೆಯ ಕಾವಲಿಲ್ಲದ ಜಾಗಗಳಲ್ಲಿ ಜಾಸ್ತಿ ನಡೆಯುತ್ತದೆ.

ಮುಟ್ಟಬೇಡಿ. ಕೈಯ ಜಿಡ್ಡು, ಬೆವರು ಕಲ್ಲಿಗೆ ಆಗಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆಯಬೇಡಿ. ನೆಲದಲ್ಲಿ ಚೂಪಾದ ಕಲ್ಲು ಚೂರು ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ, ಅದು ಉಪಕರಣವೇ ಇರಬಹುದು, ಇದ್ದ ಜಾಗದಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ. ಹೆಸರು ಕೆತ್ತುವ ಪ್ರೇಮಿಗಳಿಗೆ ಕಾನೂನು ಹೇಳುವುದು: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು.

ಉಳಿದ ಅರ್ಧ ದಿನ

ಬೆಳಿಗ್ಗೆ ಬೇಗ ಹೋಗಿದ್ದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಊಟ ಮಾಡಿ ವಾಪಸ್ ಹೋಗುವಾಗ ಭೋಜ್‌ಪುರಕ್ಕೆ ತಿರುಗಿಕೊಳ್ಳಿ. 11ನೇ ಶತಮಾನದ ಪರಮಾರ ರಾಜ ಭೋಜ ಕಟ್ಟಿಸಿದ್ದು ಅನ್ನುವ, ಪೂರ್ತಿಯಾಗದೆ ನಿಂತ ಶಿವನ ಗುಡಿ. ಒಳಗಿನ ಲಿಂಗ ಭಾರಿ ದೊಡ್ಡದು. ಲಿಂಗ ನೋಡಿ ಕೈಮುಗಿದು ಬಂದುಬಿಡಬೇಡಿ, ಗುಡಿಯ ಸುತ್ತಲಿನ ಬಂಡೆಗಳ ಮೇಲೆ ಕಟ್ಟಡದ ನಕ್ಷೆಗಳನ್ನು ಗೆರೆ ಕೊರೆದು ಬರೆದಿದ್ದಾರೆ, ಕಂಬ ಹೇಗೆ, ಶಿಖರ ಹೇಗೆ ಅಂತ. ಶಿಲ್ಪಿಗಳ ಡ್ರಾಯಿಂಗ್ ಶೀಟು! ಬೆಳಗಿನಿಂದ ಬಂಡೆ ನೋಡಿ ಪಳಗಿದ ಕಣ್ಣಿಗೆ ಅವು ಬೇಗ ಸಿಗುತ್ತವೆ. ಅಂದ ಹಾಗೆ ಇದೇ ಭೋಜನ ಧಾರಾ ನಗರವನ್ನು ನಮ್ಮ ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ದಂಡೆತ್ತಿ ಹೋಗಿ ಸೂರೆ ಮಾಡಿದ್ದ. ಅಲ್ಲಿನವರ ಹತ್ತಿರ ಇದನ್ನು ಜೋರಾಗಿ ಹೇಳಬೇಡಿ.

ಈಗ ನೋಟ್‌ಬುಕ್ಕಿನ ವಿಷಯ. ಪ್ರತಿ ಆಸರೆಯ ಮುಂದೆ ನಿಂತಾಗ ಅದರ ನಂಬರ್ ಬರೆದು, ಏನೇನು ಕಂಡಿರಿ ಅಂತ ನಾಲ್ಕು ಪದ ಗೀಚಿ, ಬಂದರೆ ಒಂದು ಪ್ರಾಣಿಯ ಗೆರೆಯನ್ನೂ ಎಳೆಯಿರಿ. ಎಳೆಯುವಾಗ ಕಾಲು ಎಷ್ಟಿದೆ, ಕೊಂಬು ಯಾವ ಕಡೆ ಬಾಗಿದೆ ಅಂತ ನೋಡಲೇಬೇಕಾಗುತ್ತದೆ. ಫೋಟೋ ತೆಗೆಯುವ ಮೊದಲು ನಂಬರಿನ ಬೋರ್ಡನ್ನು ಒಂದು ಕ್ಲಿಕ್ಕಿಸಿ, ಆಮೇಲೆ ಚಿತ್ರ. ನಾನು ಆ ಬುದ್ಧಿ ಓಡಿಸಲಿಲ್ಲ. ಮುನ್ನೂರು ಫೋಟೋ ಇವೆ, ಐದನೆಯದು ಯಾವುದು, ಒಂಬತ್ತನೆಯದು ಯಾವುದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅದನ್ನು ಸರಿ ಮಾಡಿಕೊಳ್ಳೋಕೆ ಮೂರನೇ ಸಲ ಹೋಗಬೇಕು. ಈ ಸಲ ಭಾವನೂ ಬರ್ತಾರಂತೆ, ಬೈನಾಕ್ಯುಲರ್ ಅವರೇ ಕೊಂಡಿದ್ದಾರೆ.